ಪ್ರಜ್ಞೆ ಇರಲಿಲ್ಲವಂತೆ!

ಎಡಚಿ ಟೈಲರ್ ಎಂದರೆ ಸಾಕು, ಆ ಬೀದಿಯಲ್ಲಿ ಯಾರಾದರೂ ಅಂಗಡಿ ತೋರಿಸುತ್ತಿದ್ದರು. ಚಿಕ್ಕಂದಿನಲ್ಲಿ ಎಡಗೈಯಲ್ಲಿ ಬರೆದಳೆಂದು ಮೇಷ್ಟ್ರು ಬೆರಳಿನ ಗಂಟಿಗೆ ಬಾರಿಸಿದ್ದರು, ಅವಳು ಜಗ್ಗಲಿಲ್ಲ. ಪೇಟೆಯಲ್ಲಿ ಸಿಗುವ ಕತ್ತರಿ ಎಡಗೈಗೆ ಒಗ್ಗದೆ ಬಟ್ಟೆಯನ್ನು ಅಗಿಯುತ್ತಿತ್ತು. ಸಾಣೆ ಹಿಡಿಯುವವನ ಬೆನ್ನು ಬಿದ್ದು, ಅಲಗುಗಳನ್ನು ಅದಲುಬದಲು ಜೋಡಿಸಿದ ಕತ್ತರಿಯೊಂದನ್ನು ಮಾಡಿಸಿಕೊಂಡಳು. ಇಪ್ಪತ್ತೆರಡು ವರ್ಷ ಅದರಲ್ಲೇ ಕೋಟು, ಪ್ಯಾಂಟು, ಶಾಲೆಯ ಯೂನಿಫಾರ್ಮು ಕತ್ತರಿಸಿ ತಾಯಿಯನ್ನು ಸಾಕಿದಳು, ಮೈಗಳ್ಳ ತಮ್ಮನನ್ನೂ ಸಾಕಿದಳು.

ಆ ತಮ್ಮ ಒಂದು ಮಧ್ಯಾಹ್ನ ಬಾಟಲಿ ಹಿಡಿದು ಅಂಗಡಿಗೇ ಬಂದು ಕೂತ. "ಗಿರಾಕಿಗಳು ಬರೋ ಜಾಗ, ಇಲ್ಲಿ ಕುಡೀಬೇಡ" ಎಂದಳು. ಅವಳ ತಪ್ಪು ಅಷ್ಟೇ. ಅವನು ಬಾಟಲಿ ಖಾಲಿ ಮಾಡಿ ಎದ್ದು ಬಂದು ಅವಳ ಬಲಗೈ ಹಿಡಿದ, ಬಿಟ್ಟ, ಎಡಗೈ ಎಳೆದು ಮೇಜಿನ ಮೇಲಿಟ್ಟು ಇಸ್ತ್ರಿಪೆಟ್ಟಿಗೆಯಿಂದ ಜಜ್ಜಿದ. ಪ್ರಜ್ಞೆ ಇರಲಿಲ್ಲವಂತೆ ಪುಣ್ಯಾತ್ಮನಿಗೆ! ಅಕ್ಕನಿಗೆ ಅನ್ನ ಕೊಡುವ ಕೈ ಯಾವುದೆಂದು ಮಾತ್ರ ಚೆನ್ನಾಗಿ ಗೊತ್ತಿತ್ತು. ಮೂರು ಬೆರಳು ಇವತ್ತಿಗೂ ಮಡಚುವುದಿಲ್ಲ.

ಕೇಸಾಯಿತು. ಅವನ ವಕೀಲ ತಾಯಿಯನ್ನು ಕೂರಿಸಿಕೊಂಡು ಬಿಡಿಸಿ ಹೇಳಿದ: "ತಾನಾಗಿ ಕುಡಿದು ಮಾಡಿದ್ರೆ ಕಾನೂನು ಬಿಡಲ್ಲಮ್ಮ. ಅವನಿಗೆ ಗೊತ್ತಿಲ್ಲದ ಹಾಗೆ ಯಾರಾದ್ರೂ ಕುಡಿಸಿದ್ರೆ ಮಾತ್ರ ದಾರಿ ಇದೆ." ಚಾಪೆ ಕೆಳಗೆ ತೂರಲಾಗದಿದ್ದರೆ ರಂಗೋಲಿ ಕೆಳಗೆ ತೂರುವ ಆಸಾಮಿ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ತಾಯಿ ಒಪ್ಪಿಯೇಬಿಟ್ಟಳು.

"ನಾನೇ ಕುಡಿಸಿದೆ ಅಂತೀನಿ ಕಣೇ. ಮುದುಕಿಗೆ ಯಾರೇನು ಮಾಡ್ತಾರೆ?"

"ಸುಳ್ಳು ಸಾಕ್ಷಿ ಹೇಳಿದ್ರೆ ನಿನ್ನನ್ನೇ ಒಳಗೆ ಹಾಕ್ತಾರಮ್ಮ. ಅವನು ಬೇಡ ಅನ್ನಲಿಲ್ವಾ?"

"ಪಾಪ, ಅಳ್ತಿದ್ದ."

"ನನ್ನ ಕೈ ನೋಡಿ ಅತ್ನಾ?"

ತಾಯಿ ತಟ್ಟೆ ತೊಳೆಯಲು ಎದ್ದು ಹೋದಳು.

ಕಟಕಟೆಯಲ್ಲಿ ತಾಯಿ ಗಿಳಿಪಾಠ ಒಪ್ಪಿಸಿದಳು: ಮಗನಿಗೆ ತಲೆನೋವಿತ್ತು, ಅವನಿಗೆ ತಿಳಿಯದಂತೆ ಹಣ್ಣಿನ ರಸದಲ್ಲಿ ಬ್ರಾಂದಿ ಬೆರೆಸಿ ಕೊಟ್ಟೆ. ಸರ್ಕಾರಿ ವಕೀಲರು ಮೆಲ್ಲಗೆ ಕೇಳಿದರು, "ಎಷ್ಟು ಬೆರೆಸಿದ್ರಮ್ಮ?"

ಜನ್ಮದಲ್ಲಿ ಅಂಥ ಬಾಟಲಿಯ ಮುಚ್ಚಳ ತೆಗೆಯದ ಹೆಂಗಸು ಔಷಧಿಯ ಲೆಕ್ಕ ಹೇಳಿದಳು: "ಎರಡು ಚಮಚ, ಸ್ವಾಮಿ. ಊಟ ಆದ್ಮೇಲೆ."

ಕೋರ್ಟು ಗೊಳ್ಳೆಂದು ನಕ್ಕಿತು. ತಪ್ಪೇನಾಯಿತೆಂದು ತಿಳಿಯದೆ ತಾಯಿ ಮಗನ ಮುಖ ನೋಡಿದಳು. ಅವನೂ ನಗುತ್ತಿದ್ದ.

ಎಡಚಿಯ ಸಾಕ್ಷಿ ಹಿಂದಿನ ತಿಂಗಳೇ ಮುಗಿದಿತ್ತು; ಇವತ್ತು ಬಾಯಿ ತೆರೆಯುವ ಹಕ್ಕಿರಲಿಲ್ಲ. ಆದರೂ ಎದ್ದಳು. ಜವಾನ "ಕೂತ್ಕೊಳಮ್ಮ" ಎಂದು ಗದರಿದ. ಅವಳು ಕೂರಲಿಲ್ಲ.

"ಅವನ ಮುಖ ನೋಡಿ ಸ್ವಾಮಿ. ಅವನಿಗೋಸ್ಕರ ಸುಳ್ಳು ಹೇಳ್ತಿರೋ ನಮ್ಮಮ್ಮನ್ನ ನೋಡಿ ನಗ್ತಿದ್ದಾನೆ. ಇವತ್ತು ಅವನು ಒಂದು ತೊಟ್ಟೂ ಕುಡಿದಿಲ್ಲ."