ಇಸ್ತ್ರಿ ಅಕ್ಕನ ಬೆನ್ನು

ಪೊಲೀಸ್ ಠಾಣೆಯ ಹಿಂದಿನ ಗಲ್ಲಿಯಲ್ಲಿ ತಳ್ಳುಗಾಡಿ ಇಟ್ಟುಕೊಂಡಿದ್ದ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಇಸ್ತ್ರಿ ಅಕ್ಕ ಎಂದೇ. ಮದುವೆಯಾಗಿ ಬಂದ ವರ್ಷದಿಂದ ಠಾಣೆಯವರ ಸಮವಸ್ತ್ರಕ್ಕೆ ಗೆರೆ ಕೂರಿಸಿದವಳು. ಕೆಂಡದ ಇಸ್ತ್ರಿ ಪೆಟ್ಟಿಗೆ ಎತ್ತಿ ಎತ್ತಿ ಬಲಭುಜ ವಾಲಿತ್ತು; ಬಾಯಿ ಮಾತ್ರ ನೆಟ್ಟಗಿತ್ತು. "ಅಂಗಿಗೆ ಹಾಕ್ತೀನಪ್ಪ, ನಿನ್ನ ಹೊಟ್ಟೆಗೆ ಇಸ್ತ್ರಿ ಹಾಕೋಕೆ ನನ್ನ ಕೈಲಾಗಲ್ಲ," ಎಂದು ಪೇದೆಯನ್ನು ಛೇಡಿಸುತ್ತಿದ್ದಳು. ಅವನೂ ನಗುತ್ತಿದ್ದ.

ಆ ಸಲುಗೆಯ ಧೈರ್ಯದಲ್ಲೇ ಒಂದು ಸಂಜೆ ಅವಳು ಠಾಣೆಯ ಮೆಟ್ಟಿಲು ಹತ್ತಿದಳು. ಬೇರೆ ಹೆಂಗಸರಿಗಾದರೆ ಭಯ. ತನಗೇನು, ಒಳಗಿರುವವರೆಲ್ಲ ತಮ್ಮಂದಿರೇ.

ಪೇದೆ ಕುರ್ಚಿ ಎಳೆದು ಕೊಟ್ಟ. ಗಂಡ ಕಾದ ಪೆಟ್ಟಿಗೆಯನ್ನು ತನ್ನ ಮೈಗೆ ಒತ್ತಿದ ಎಂದು ಅವಳು ಹೇಳುವಾಗ ಮುಖ ಚಿಕ್ಕದು ಮಾಡಿಕೊಂಡು ಕೇಳಿದ. ಅವಳ ಮುಂಗೈಯ ಹಳೆಯ ಕಲೆಗಳನ್ನು ನೋಡಿದ.

"ಅಕ್ಕ, ಇಸ್ತ್ರಿ ಕೆಲಸದವರ ಮೈಮೇಲೆ ಸುಟ್ಟ ಕಲೆ ಇಲ್ಲದೆ ಇರುತ್ತಾ?"

"ಇವು ಕೆಲಸದ್ದೇ. ಅವನು ಸುಟ್ಟಿದ್ದು ಬೆನ್ನಿಗೆ. ಬೆನ್ನಿಗೆ ಯಾರಾದ್ರೂ ತಾವೇ ಪೆಟ್ಟಿಗೆ ಇಟ್ಕೋತಾರಾ? ಬೇಕಾದ್ರೆ ತೋರಿಸ್ತೀನಿ."

"ನಾನು ನೋಡೋ ಹಾಗಿಲ್ಲಕ್ಕ. ಗಾಯ ನೋಡದೆ ದೂರು ಬರೆಯೋ ಹಾಗೂ ಇಲ್ಲ. ನಮ್ಮ ಮೇಡಂ ಇವತ್ತು ರಜ." ಅವನು ಎದ್ದ. "ಇರಿ, ಚಹಾ ಹೇಳಿ ಬರ್ತೀನಿ."

ಅವನು ಲೋಟ ಹಿಡಿದು ಬರುವಷ್ಟರಲ್ಲಿ ಅವಳು ತೀರ್ಮಾನಿಸಿದ್ದಳು. "ನಿಮ್ಮ ಮೇಡಂ ಬರೋವರೆಗೂ ಇಲ್ಲೇ ಕೂತಿರ್ತೀನಿ."

"ಕತ್ತಲಾದ ಮೇಲೆ ಹೆಂಗಸರನ್ನ ಇಲ್ಲಿ ಇಟ್ಕೊಳ್ಳೋ ಹಾಗಿಲ್ಲ. ನಿಮ್ಮ ಒಳ್ಳೇದಕ್ಕೇ ಮಾಡಿರೋ ರೂಲ್ಸು. ಒಬ್ಬರೇ ಹೋಗೋದು ಬೇಡ ಅಂತ ಭಾವಂಗೆ ಫೋನ್ ಮಾಡಿದೀನಿ. ಎಲ್ಲಾ ಹೇಳಿ, ಚೆನ್ನಾಗಿ ಬೈದಿದೀನಿ."

ಲೋಟ ಅವಳ ಕೈಯಲ್ಲೇ ನಿಂತಿತು. "ಎಲ್ಲಾ ಅಂದ್ರೆ? ಬೆನ್ನು ತೋರಿಸ್ತೀನಿ ಅಂದಿದ್ದೂ?"

"ಮನೆಯವರ ಹತ್ರ ಎಂಥಾ ಮುಚ್ಚುಮರೆ ಅಕ್ಕ."

ಬಾಗಿಲಲ್ಲಿ ಗಂಡ ನಿಂತಿದ್ದ. ಮಡಿಕೆ ಮುರಿಯದ ಅಂಗಿ, ಬಾಚಿದ ತಲೆ. ಪೇದೆಗೆ ಕೈಮುಗಿದು, "ನಡಿ, ತಮ್ಮನಿಗೆ ಯಾಕೆ ತೊಂದರೆ," ಎಂದ, ಬೆಣ್ಣೆಯಂಥ ದನಿಯಲ್ಲಿ.

ಅವಳು ಏಳಲಿಲ್ಲ. ಯಾರಾದರೂ ಗದರಿದ್ದರೆ ತಿರುಗಿ ಗದರುವುದು ಅವಳಿಗೆ ಗೊತ್ತಿತ್ತು. ಇಲ್ಲಿ ಯಾರೂ ಗದರಿರಲಿಲ್ಲ.

ಹುಷಾರು ತಪ್ಪಿದವರನ್ನು ಎಬ್ಬಿಸುವ ಹಾಗೆ ಪೇದೆ ಮೆಲ್ಲಗೆ ಅವಳ ಬೆನ್ನ ಮೇಲೆ ಕೈಯಿಟ್ಟ. ಅವಳು ಕಿರುಚಿದ ದನಿಗೆ ಒಳಕೋಣೆಯವರೂ ಹೊರಬಂದರು. ಅವನು ಕೈ ಹಿಂದಕ್ಕೆಳೆದುಕೊಂಡ. ಅಂಗೈ ಒದ್ದೆಯಾಗಿತ್ತು. ಅವನು ಅದನ್ನು ನೋಡಿದ್ದನ್ನು ಅವಳೂ ನೋಡಿದಳು.

ಅವನು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ಹುಷಾರಾಗಿ ಕರ್ಕೊಂಡು ಹೋಗಿ, ಭಾವ."