ರಸೂಲ್ ಕಾಕಾ ಮತ್ತು ನನ್ನ ಅಳತೆಪಟ್ಟಿ

ಇವತ್ತು ರಾಯಾಪುರದ ಗ್ಯಾರೇಜಿನಲ್ಲಿ ಸರ್ವಿಸಿಗೆಂದು ನನ್ನ ಕಾರಿನ ಬಾನೆಟ್ ಎತ್ತಿದಾಗ ಬಿಸಿ ಆಯಿಲಿನ ವಾಸನೆ ಬಂತು. ಮನಸ್ಸು ನೇರ ನನ್ನ ಸಾಲೆಯ ದಿನಗಳಿಗೆ, ಗೋಪನಕೊಪ್ಪದಲ್ಲಿದ್ದ ರಸೂಲ್ ಕಾಕಾನ ತಗಡಿನ ಶೆಡ್ಡಿಗೆ ಹೋಗಿಬಿಟ್ಟಿತು.

ಅಪ್ಪನ ಟ್ಯಾಕ್ಸಿ ರಿಪೇರಿ ಮಾಡುತ್ತಿದ್ದ ರಸೂಲ್ ಕಾಕಾಗೆ ಕಿವಿ ಕೇಳುತ್ತಿರಲಿಲ್ಲ. ಗಿರಾಕಿಗಳು ಎಷ್ಟೇ ಕೂಗಿದರೂ ಅವರು ಸುಮ್ಮನೆ ನಗುತ್ತಿದ್ದರು. ಆದರೆ ಚಾಲೂ ಇದ್ದ ಎಂಜಿನ್ನಿಗೆ ಉದ್ದನೆಯ ಸ್ಕ್ರೂಡ್ರೈವರ್ ಊರಿ, ಹಿಡಿಕೆಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ ಕಣ್ಣು ಮುಚ್ಚುತ್ತಿದ್ದರು. "ವಾಲ್ವ್ ಸಡ್ಲ ಆಗೇತ್ರಿ" ಎನ್ನುತ್ತಿದ್ದರು. ಬಿಚ್ಚಿ ನೋಡಿದರೆ ಹಾಗೆಯೇ ಇರುತ್ತಿತ್ತು.

"ಕಾಕಾಗ ನಮ್ಮ ಮಾತ ಕೇಳಸೂದಿಲ್ಲ, ಎಂಜಿನ್ ಹೆಂಗ ಕೇಳಸ್ತೈತಿ?" ಎಂದು ಅಪ್ಪನನ್ನು ಕೇಳಿದೆ.

"ಸದ್ದು ಎಲುಬಿನ್ಯಾಗ ಹಾದು ಒಳಗ ಹೋಗ್ತೈತವಾ."

ಮರುದಿನ ಸಾಲೆಯ ಮರದ ಅಳತೆಪಟ್ಟಿ ಒಯ್ದೆ. ಒಂದು ತುದಿಯನ್ನು ಅವರ ಕಿವಿಯ ಹಿಂದೆ ಒತ್ತಿ, ಇನ್ನೊಂದನ್ನು ಹಲ್ಲಲ್ಲಿ ಕಚ್ಚಿ, "ಕಾಕಾ" ಎಂದೆ. ಪಟ್ಟಿ ಹಲ್ಲಿನ ನಡುವೆ ಸಣ್ಣಗೆ ನಡುಗಿತು.

ಅವರು ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟರು. "ಇನ್ನೊಮ್ಮೆ ಅನ್ನವಾ" ಎಂದರು.

ಇವತ್ತಿನ ಮೆಕ್ಯಾನಿಕ್ ಲ್ಯಾಪ್‌ಟಾಪ್ ನೋಡಿ, "ಎಂಜಿನ್ ಛಲೋ ಐತ್ರಿ ಮೇಡಂ" ಎಂದ. ನಾನು ತಲೆಯಾಡಿಸಿದೆ, ಬಾಯಿ ತೆರೆಯಲಿಲ್ಲ. ಅಂದಿನ ಆ ಅಳತೆಪಟ್ಟಿ ಇನ್ನೂ ನನ್ನ ಹಲ್ಲಿನ ನಡುವೆ ನಡುಗುತ್ತಿದ್ದಂತಿತ್ತು.