ಕಾಲು ಸುಡುವ ಹಲಗೆ

ಉಪ್ಪುಂದದ ನಮ್ಮ ಮನೆಯೆದುರು ಹಲಗೆ ಹಾಸಿದ ಜಗಲಿಯಂಥ ಡೆಕ್ ಹಾಕಿಸಿ, ಸಂಜೆ ಅದರ ಮೇಲೆ ಕಾಲು ಚಾಚಿ ಚಾ ಕುಡಿಯಬೇಕೆಂಬುದು ನನ್ನ ಹಟ. ಆಚಾರಿ ಮಾದರಿಗೆಂದು ತಂದ ಹಲಗೆಯ ತುಂಡುಗಳನ್ನೆಲ್ಲ ಅಂಗಳದ ಬಿಸಿಲಿಗಿಟ್ಟು, ಮಧ್ಯಾಹ್ನ ಬರಿಗಾಲಲ್ಲಿ ಒಂದೊಂದರ ಮೇಲೂ ನಿಂತು ನೋಡಿದೆ. ಸಾಗುವಾನಿ ಪರವಾಗಿಲ್ಲ, ಭೋಗಿ ಮರ ಇನ್ನೂ ಹಿತ. ಮರದ ಹುಡಿ ಬೆರೆಸಿದ ಪ್ಲಾಸ್ಟಿಕ್ ಹಲಗೆಗೆ ಕಾಲಿಟ್ಟವನು ಮಾತ್ರ ಕಾವಲಿಗೆ ಬಿದ್ದ ಸಿಗಡಿಯಂತೆ ಹಾರಿದೆ. ಇಂಥ ದರಿದ್ರ ಹಲಗೆ ಯಾರಿಗೆ ಬೇಕು ಎಂದು ರೇಗಿದೆ.

ಜೀವಮಾನವಿಡೀ ಮೀನು ಮಾರಿದ ಅಮ್ಮ ಬಂದು ಅದೇ ಹಲಗೆಗೆ ಅಂಗೈ ಒತ್ತಿದಳು. ಚುರ್ ಎಂದದ್ದೇ ಅವಳ ಮುಖ ಅರಳಿತು.

"ಹ್ವಾಯ್ ಆಚಾರ್ರೆ, ಇದನ್ನೇ ಹಾಕಿ. ಮೀನ್ ಲಾಯ್ಕ್ ಒಣ್ಗತ್ತ್."

"ಹಂಗಾರೆ ನಾನ್ ಎಲ್ಲ್ ಕೂಕಂಬುದ್?" ಎಂದೆ.

"ನೀನ್ ಅದ್ರ ಬದಿಯಂಗೇ ಕೂಕೊ. ಕಾಗೆ ಓಡ್ಸುಕೆ ಒಂದ್ ಜನ ಬೇಕಲ್ದಾ?"